ಟಿ.ವಿ. ಹಾಡಿಗೂ ಒಂದು ಚಾಪೆ ಹಾಸಿ

ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಆರ್ಕೆಸ್ಟ್ರಾ ಅಂದರೆ ಒಂದೇ ಅರ್ಥ. ಗಣೇಶನನ್ನು ಕೂರಿಸಿದ ಐದನೆಯ ದಿನವೋ ಒಂಬತ್ತನೆಯ ದಿನವೋ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪೆಂಡಾಲು, ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ರಾಜ್‌ಕುಮಾರ್ ಧಾಟಿಯಲ್ಲಿ ಹಾಡುವ ಒಬ್ಬರು, ಜಾನಕಿಯವರ ಹಾಡುಗಳಿಗೆ ಒಬ್ಬಾಕೆ, ನಡುನಡುವೆ ಮಿಮಿಕ್ರಿ. ಮುಂದಿನ ಸಾಲಿನ ಹುಡುಗರು ಬೇಕಾದ ಹಾಡಿಗೆ ಚೀಟಿ ಕಳಿಸುತ್ತಾರೆ. ಹೊತ್ತು ಮೀರಿತೆಂದು ಪೊಲೀಸರು ಬಂದು ನಿಲ್ಲಿಸುತ್ತಾರೆ. ಊರಿನ ಸಂಗೀತದ ಮೇಷ್ಟ್ರನ್ನು ಕೇಳಿದರೆ 'ಅದು ಆರ್ಕೆಸ್ಟ್ರಾ ಅಷ್ಟೆ' ಅನ್ನುತ್ತಾರೆ. ಆ 'ಅಷ್ಟೆ'ಯೊಳಗೆ ಎಷ್ಟೆಲ್ಲ ತಿರಸ್ಕಾರ ಮಡಚಿಟ್ಟಿರುತ್ತದೆ ಎನ್ನುವುದು ಹೊರಗಿನವರಿಗೆ ತಿಳಿಯುವುದಿಲ್ಲ.

ಆ ಮಾತಿನ ಧ್ವನಿ ನನಗೆ ಮತ್ತೆ ಕೇಳಿಸಿದ್ದು ಕೈವಾರದಲ್ಲಿ. ಆಷಾಢದ ಗುರುಪೂರ್ಣಿಮೆಗೆ ಯೋಗಿ ನಾರೇಯಣ ಮಠದಲ್ಲಿ ನಡೆಯುವ ಸಂಗೀತೋತ್ಸವ ಹಗಲು ರಾತ್ರಿ ಎನ್ನದೆ 72 ಗಂಟೆ ಸಾಗುತ್ತದೆ. ನಾದಸ್ವರದವರು ಎದ್ದರೆ ಹರಿಕಥೆಯವರು, ಅವರು ಎದ್ದರೆ ಯಾವುದೋ ಹಳ್ಳಿಯ ಭಜನಾ ಮಂಡಳಿ, ಆಮೇಲೆ ಬೆಂಗಳೂರಿನ ವಿದ್ವಾಂಸರು. ಕೇಳುವವರು ಚಾಪೆಯ ಮೇಲೆ ಕೂತು, ಮಲಗಿ, ಮತ್ತೆ ಎದ್ದು ಕೂರುತ್ತಾರೆ. ನಡುರಾತ್ರಿ ಕಳೆದ ಹೊತ್ತಿನಲ್ಲಿ ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದ. ದೊಡ್ಡ ಸಭಾಂಗಣ, ನೂರಾರು ವಾದ್ಯ, ಹಿಂದೆ ಗಾಯಕರ ಮೇಳ, ಮೇಲೆ ಪರದೆಯಲ್ಲಿ ಅಂತರಿಕ್ಷ. ಆಚೆ ಬದಿಗೆ ಕೂತಿದ್ದ, ಭಜನಾ ಮಂಡಳಿಯೊಂದರಲ್ಲಿ ಹಾರ್ಮೋನಿಯಂ ಹಿಡಿಯುವ ಹಿರಿಯರು ಬಗ್ಗಿ ನೋಡಿದರು.

"ಇದೇನಪ್ಪ?"

"ಟಿ.ವಿ. ಸೀರಿಯಲ್ ಮ್ಯೂಸಿಕ್ಕು ತಾತ. ಇಂಗ್ಲೆಂಡಿಂದು."

"ಸೀರಿಯಲ್ ಹಾಡಿಗೆ ಇಷ್ಟು ಜನ ಪಿಟೀಲು ಹಿಡ್ಕೊಂಡು ಕೂತವ್ರಾ? ಬೇರೆ ಕೆಲಸ ಇಲ್ವೇನಪ್ಪ ಅವ್ರಿಗೆ?"

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕದ್ದು ತಪ್ಪು ಎಂದು ವಾದಿಸಲು ಇದನ್ನು ಬರೆಯುತ್ತಿದ್ದೇನೆ. ತಪ್ಪು ಆ ಹಿರಿಯರಿಗಿಂತ ಹೆಚ್ಚು ನನ್ನಂಥವರದು. ಪದವಿ ಇರುವ, ಪುಸ್ತಕ ಓದುವ, 'ಅಭಿರುಚಿ' ಎಂಬ ಪದವನ್ನು ದಿನಕ್ಕೆರಡು ಬಾರಿ ಬಳಸುವ ಜನರದು.

ಹುಡುಗ ನೋಡುತ್ತಿದ್ದದ್ದು 'ಡಾಕ್ಟರ್ ಹೂ' ಧಾರಾವಾಹಿಯ ಸಂಗೀತ ಕಛೇರಿ. 1963ರ ನವೆಂಬರಿನಲ್ಲಿ ಬಿ.ಬಿ.ಸಿ.ಯಲ್ಲಿ ಶುರುವಾದ ಈ ವೈಜ್ಞಾನಿಕ ಕಥೆಯ ಧಾರಾವಾಹಿ ನಡುವೆ ಕೆಲವು ಕಾಲ ನಿಂತು 2005ರಲ್ಲಿ ಮತ್ತೆ ಬಂತು. ಹೊಸ ಕಂತುಗಳಿಗೆ ಮರ್ರಿ ಗೋಲ್ಡ್ ಎಂಬಾತ ಬರೆದ ಸಂಗೀತವನ್ನು 2008ರ ಜುಲೈ 27ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಪ್ರಾಮ್ಸ್ ಉತ್ಸವದ ಭಾಗವಾಗಿ, ಪೂರ್ಣ ವಾದ್ಯವೃಂದ ನುಡಿಸಿತು. ಬೀಥೋವನ್, ಬ್ರಾಮ್ಸ್ ನುಡಿಸುವ ಅದೇ ವೇದಿಕೆ, ಅದೇ ಕಲಾವಿದರು. ಮುಂದೆ ಅದು ಆಸ್ಟ್ರೇಲಿಯಾ, ಬ್ರಿಟನ್ನುಗಳಲ್ಲಿ ಊರೂರು ತಿರುಗಿತು. 'ಸ್ಟಾರ್ ಟ್ರೆಕ್'ಗೆ ಐವತ್ತು ತುಂಬಿದ 2016ರಲ್ಲಿ ಅದರ ಸಂಗೀತವೂ ಹೀಗೇ ವಾದ್ಯವೃಂದದ ಹೆಗಲೇರಿ ಉತ್ತರ ಅಮೆರಿಕದ ನಗರಗಳನ್ನು ಸುತ್ತಿತು. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದಿದ್ದ ಧಾರಾವಾಹಿ ಅದು. ಊರಿಗೆ ಒಂದೋ ಎರಡೋ ಟಿ.ವಿ. ಇದ್ದ ಕಾಲದಲ್ಲಿ ಯಾರದೋ ಮನೆಯ ಹಜಾರದಲ್ಲಿ ಕೂತು ನೋಡಿದವರಿಗೆ ಆ ಕಿವಿಚೂಪಿನ ಸ್ಪಾಕ್‌ನ ನೆನಪಿರಬಹುದು.

ವೈಜ್ಞಾನಿಕ ಕಥೆಯ ಧಾರಾವಾಹಿಗಳಿಗೇ ಈ ಭಾಗ್ಯ ಏಕೆ? ಅಭಿಮಾನಿಗಳ ಹುಚ್ಚು ಒಂದು ಕಾರಣ, ಹೌದು. ಆದರೆ ಅದಕ್ಕಿಂತ ಒಳಗಿನ ಕಾರಣ ಬಡತನ. ಅಂದಿನ ಟಿ.ವಿ.ಯ ದುಡ್ಡಿನಲ್ಲಿ ಬ್ರಹ್ಮಾಂಡವನ್ನು ತೋರಿಸಲು ಸಾಧ್ಯವಿರಲಿಲ್ಲ. ರಟ್ಟು, ಪ್ಲೈವುಡ್ಡು, ಬಣ್ಣ ಬಳಿದ ಬಂಡೆ. ಡಾಕ್ಟರ್ ಹೂ ಸೆಟ್ಟಿನ ಗೋಡೆ ಅಲುಗಾಡುತ್ತಿತ್ತು ಎಂದು ಇಂಗ್ಲಿಷರೇ ಇಂದಿಗೂ ತಮಾಷೆ ಮಾಡುತ್ತಾರೆ. ಕಣ್ಣಿಗೆ ಕಾಣಿಸಲಾಗದ್ದನ್ನು ಕಿವಿಗೆ ಕೇಳಿಸಬೇಕಾಯಿತು. ಕಾಲದಲ್ಲಿ ಪಯಣಿಸುವ ಆ ನೀಲಿ ಪೆಟ್ಟಿಗೆಯ ಸದ್ದನ್ನು ಬ್ರಯನ್ ಹಾಡ್ಜ್‌ಸನ್ ಎಂಬಾತ ಮಾಡಿದ್ದು ಹಳೆಯ ಪಿಯಾನೋದ ತಂತಿಯ ಮೇಲೆ ಮನೆಯ ಬೀಗದ ಕೈ ಉಜ್ಜಿ. ನಮ್ಮ ಬಯಲಾಟದವರಿಗೆ ಇದು ಹೊಸದಲ್ಲ. ಒಂದು ಬೆಂಚು, ಒಂದು ಚಂಡೆಯ ಏರು. ಸಮುದ್ರ ಬಂತು, ಲಂಕೆ ಬಂತು. ರಂಗದ ಬಡತನವನ್ನು ತುಂಬುವ ಸಂಗೀತ ಹಿನ್ನೆಲೆಯಲ್ಲಿ ಕೂರುವುದಿಲ್ಲ, ಅದೇ ಅರ್ಧ ಕಥೆಯಾಗುತ್ತದೆ. ಅರ್ಧ ಕಥೆಯನ್ನು ಹೊತ್ತದ್ದರಿಂದಲೇ ಅದು ಚಿತ್ರವಿಲ್ಲದೆಯೂ ಒಂಟಿಯಾಗಿ ನಿಲ್ಲಬಲ್ಲದು.

ಆ ಕಛೇರಿಗಳಲ್ಲಿ ಎಲ್ಲವೂ ಚಿನ್ನ ಎಂದು ನಾನು ಹೇಳುತ್ತಿಲ್ಲ. ದುಬಾರಿ ಟಿಕೆಟ್ಟು, ಹೊರಗೆ ಟೀ ಶರ್ಟು ಮಾರಾಟ, ನೆನಪನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ವ್ಯಾಪಾರ. ಮೇಲೆ ಪರದೆಯಲ್ಲಿ ದೃಶ್ಯ ಓಡುತ್ತಿದ್ದರೆ ಕಣ್ಣು ಅತ್ತಲೇ ಹೋಗುತ್ತದೆ. ಜೀವಂತ ಮನುಷ್ಯರು ಬೆವರು ಸುರಿಸಿ ನುಡಿಸುತ್ತಿದ್ದರೂ ಅವರು ಪರದೆಯ ಆಳುಗಳಂತೆ ಕಾಣುತ್ತಾರೆ. ಟಿಕೆಟ್ಟಿಲ್ಲದೆ ಮೂರು ದಿನ ಕೂರಿಸಿ, ಊಟಕ್ಕೂ ಇಕ್ಕುವ ಕೈವಾರದ ಮುಂದೆ ಆ ವ್ಯವಸ್ಥೆಯನ್ನು ದೊಡ್ಡದು ಮಾಡಿ ಹೇಳುವ ಚಪಲ ನನಗಿಲ್ಲ. ಆದರೆ ಅಲ್ಲಿ ಒಂದು ವಸ್ತು ಇದೆ. ಪ್ರತಿ ವಾದಕನ ಮುಂದೆ ಒಂದು ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಒಂದು ಹಾಳೆ. ಸಿಡ್ನಿಯಲ್ಲಿ ಯಾರೋ, ಕಾರ್ಡಿಫ್‌ನಲ್ಲಿ ಇನ್ಯಾರೋ, ಧಾರಾವಾಹಿಯನ್ನು ಒಂದು ಕಂತೂ ನೋಡದ ಪಿಟೀಲುಗಾರ್ತಿ ಆ ಹಾಳೆ ನೋಡಿ ನುಡಿಸಬಲ್ಲಳು. ತಿರುಗಾಟ ಸಾಧ್ಯವಾಗುವುದು ಆ ಹಾಳೆಯಿಂದ. ಹಾಳೆಯ ತುದಿಯಲ್ಲಿ ಒಂದು ಹೆಸರು ಇರುತ್ತದೆ.

ಹೆಸರು ಅಲ್ಲೂ ಸುಲಭವಾಗಿ ಸಿಕ್ಕಿಲ್ಲ. ಡಾಕ್ಟರ್ ಹೂ ಶೀರ್ಷಿಕೆ ಸಂಗೀತದ ಕಥೆಯನ್ನೇ ನೋಡಿ. ರಾನ್ ಗ್ರೇನರ್ ಎಂಬ ಸಂಯೋಜಕ ಒಂದು ಹಾಳೆಯಲ್ಲಿ ಸ್ವರಗಳನ್ನೂ, ಗಾಳಿ, ಮೋಡ ಎಂಬಂಥ ನಾಲ್ಕು ಸೂಚನೆಗಳನ್ನೂ ಬರೆದುಕೊಟ್ಟ. ಅದನ್ನು ಧ್ವನಿಯಾಗಿಸಿದ್ದು ಬಿ.ಬಿ.ಸಿ.ಯ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿದ್ದ ಡೀಲಿಯಾ ಡರ್ಬಿಶರ್. ಕೇಂಬ್ರಿಡ್ಜಿನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದ ಹೆಣ್ಣುಮಗಳು. ಸಿಂಥಸೈಸರ್ ಇನ್ನೂ ಬಳಕೆಗೆ ಬಾರದ ಕಾಲ. ಒಂದು ತಂತಿಯ ಮೀಟನ್ನು, ಪ್ರಯೋಗಾಲಯದ ಆಸಿಲೇಟರಿನ ಕೂಗನ್ನು ಟೇಪಿನಲ್ಲಿ ಹಿಡಿದು, ವೇಗ ಬದಲಿಸಿ ಶ್ರುತಿ ಏರಿಸಿ ಇಳಿಸಿ, ಬ್ಲೇಡಿನಿಂದ ಕತ್ತರಿಸಿ, ಒಂದೊಂದು ಸ್ವರವನ್ನೂ ಅಂಟಿಸಿ ಕಟ್ಟಿದಳು. ಕೇಳಿದ ಗ್ರೇನರ್ ಇದನ್ನು ಬರೆದದ್ದು ನಾನೇನಾ ಎಂದು ಬೆರಗಾದನಂತೆ. ಸಂಭಾವನೆಯಲ್ಲೂ ಶ್ರೇಯಸ್ಸಿನಲ್ಲೂ ಆಕೆಗೆ ಪಾಲು ಕೊಡಲು ಅವನು ಸಿದ್ಧನಿದ್ದ. ಸಂಸ್ಥೆಯ ನಿಯಮ ಒಪ್ಪಲಿಲ್ಲ. ವರ್ಕ್‌ಶಾಪಿನವರು ಹೆಸರಿಲ್ಲದ ನೌಕರರು. ಆಕೆ 2001ರಲ್ಲಿ ತೀರಿಕೊಂಡಳು. ಧಾರಾವಾಹಿಯ ಪರದೆಯ ಮೇಲೆ ಆಕೆಯ ಹೆಸರು ಬಂದದ್ದು 2013ರಲ್ಲಿ, ಐವತ್ತನೆಯ ವರ್ಷದ ವಿಶೇಷ ಕಂತಿಗೆ. ಅದೇ ಸಂಸ್ಥೆ ಎಪ್ಪತ್ತರ ದಶಕದಲ್ಲಿ ಹಳೆಯ ಕಂತುಗಳ ಟೇಪುಗಳನ್ನೂ ಅಳಿಸಿಹಾಕಿತ್ತು. ಇಂದಿಗೂ 90ಕ್ಕೂ ಹೆಚ್ಚು ಕಂತುಗಳು ಇಲ್ಲ. ಸ್ಟಾರ್ ಟ್ರೆಕ್‌ನ ಕಥೆ ಇನ್ನೂ ವಿಚಿತ್ರ. ಅಲೆಗ್ಸಾಂಡರ್ ಕರೇಜ್ ಬರೆದ ಶೀರ್ಷಿಕೆ ಸಂಗೀತಕ್ಕೆ ನಿರ್ಮಾಪಕ ಜೀನ್ ರಾಡನ್‌ಬೆರಿ ಧಾರಾವಾಹಿಯಲ್ಲಿ ಎಂದೂ ಹಾಡದ ಸಾಹಿತ್ಯ ಬರೆದು, ಕವಿಯ ಲೆಕ್ಕದಲ್ಲಿ ರಾಯಲ್ಟಿಯ ಅರ್ಧ ಪಾಲು ತೆಗೆದುಕೊಂಡ. ಅಲ್ಲೂ ಮೋಸ ಉಂಟು, ಮರೆವು ಉಂಟು. ಆದರೆ ಜಗಳವಾಡಲು ಒಂದು ಕಾಗದ ಇತ್ತು. ಕಾಗದ ಇದ್ದದ್ದರಿಂದ ಮೂವತ್ತು, ಐವತ್ತು ವರ್ಷದ ಮೇಲಾದರೂ ಲೆಕ್ಕ ಚುಕ್ತಾ ಮಾಡಲು ಬಂತು.

ಈಗ ನಮ್ಮ ಮನೆಗೆ ಬರೋಣ. 'ಮಾಲ್ಗುಡಿ ಡೇಸ್' ಶೀರ್ಷಿಕೆ ಸಂಗೀತ ಶುರುವಾದರೆ ಗುನುಗದ ಕನ್ನಡಿಗ ಯಾರು? ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು, ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿದ್ದ, ಕಥೆ ಆರ್. ಕೆ. ನಾರಾಯಣರದು. ಇಷ್ಟು ಎಲ್ಲರೂ ಹೇಳುತ್ತಾರೆ. ಸಂಗೀತ? ಅಲ್ಲಿ ಹತ್ತರಲ್ಲಿ ಎಂಟು ಮಂದಿ ತಡವರಿಸುವುದನ್ನು ನಾನು ಕಂಡಿದ್ದೇನೆ. ಎಲ್. ವೈದ್ಯನಾಥನ್. ಪಿಟೀಲಿನ ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಅವರ ಅಣ್ಣ. ಕಾಶೀನಾಥರ 'ಅಪರಿಚಿತ'ಕ್ಕೆ, ಶಂಕರ್ ನಾಗರ 'ಒಂದು ಮುತ್ತಿನ ಕಥೆ'ಗೆ ಸಂಗೀತ ಕೊಟ್ಟವರು. ಎಲ್ಲಕ್ಕಿಂತ ಮಿಗಿಲಾಗಿ, 1987ರ 'ಪುಷ್ಪಕ ವಿಮಾನ'ಕ್ಕೆ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ, ಬೆಂಗಳೂರಿನ ಬೀದಿಗಳಲ್ಲಿ ನಡೆಯುವ ಆ ಸಿನಿಮಾದಲ್ಲಿ ಒಂದು ಮಾತೂ ಇಲ್ಲ. ಮಾತು ಹೊರಬೇಕಾದ ಭಾರದಲ್ಲಿ ದೊಡ್ಡ ಪಾಲನ್ನು ಸಂಗೀತ ಹೊತ್ತಿದೆ. ಅಂತರಿಕ್ಷ ನೌಕೆ ಇಲ್ಲ, ಅನ್ಯಗ್ರಹದವರಿಲ್ಲ. ಆದರೆ ರಟ್ಟಿನ ಸೆಟ್ಟಿನ ಮುಂದೆ ಸ್ಟಾರ್ ಟ್ರೆಕ್‌ನ ಸಂಗೀತ ಮಾಡಿದ ಕೆಲಸ ಏನೋ, ಮಾತಿಲ್ಲದ ಸಿನಿಮಾದಲ್ಲಿ ವೈದ್ಯನಾಥನ್ ಮಾಡಿದ್ದೂ ಅದನ್ನೇ. ಅವರು 2007ರಲ್ಲಿ ಹೋದರು.

ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವನ್ನು ನಾವು ಮಾಲ್ಗುಡಿ ಮ್ಯೂಸಿಯಂ ಮಾಡಿದೆವು. ಒಳ್ಳೆಯ ಕೆಲಸ, ಸಂತೋಷ. ಹೆಂಚು, ಗೋಡೆ, ಬೆಂಚು ಉಳಿದವು. ಆ ಧಾರಾವಾಹಿಯ ಸಂಗೀತವನ್ನು ಒಂದು ಶಾಲೆಯ ಮಕ್ಕಳು ನುಡಿಸಬೇಕೆಂದರೆ? ನಮ್ಮ ಪುಸ್ತಕದಂಗಡಿಯಲ್ಲಿ ತ್ಯಾಗರಾಜರ ಕೃತಿಗಳ ಸ್ವರಲಿಪಿ ಸಿಗುತ್ತದೆ, ಇದರದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಮೇಷ್ಟ್ರು ಯೂಟ್ಯೂಬಿನಲ್ಲಿ ಹಾಕಿ, ನಿಲ್ಲಿಸಿ, ಹಿಂದಕ್ಕೆ ಎಳೆದು, ಕಿವಿಯಿಂದಲೇ ಹೆಕ್ಕಿ ಮಕ್ಕಳಿಗೆ ದಾಟಿಸಬೇಕು. ಟಿ. ಎನ್. ಸೀತಾರಾಮ್ ಮತ್ತು ಗೆಳೆಯರ 'ಮಾಯಾಮೃಗ' 1998ರಲ್ಲಿ ಬಂದಾಗ ಅದರ ಶೀರ್ಷಿಕೆ ಗೀತೆಗೆ ಕೆಲಸ ಬಿಟ್ಟು ಟಿ.ವಿ. ಮುಂದೆ ಕೂತವರು ಇದನ್ನು ಓದುತ್ತಿದ್ದೀರಿ. ಮೊಬೈಲು ಮುಟ್ಟದೆ ಹೇಳಿ: ಬರೆದವರು ಯಾರು? ರಾಗ ಹಾಕಿದವರು ಯಾರು? ವಾದ್ಯ ನುಡಿಸಿದ ನಾಲ್ಕು ಜನರಲ್ಲಿ ಒಬ್ಬರ ಹೆಸರು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದ ಆಕ್ಷೇಪವೇ. ನಮ್ಮದು ಕಿವಿಯ ಪರಂಪರೆ ಸ್ವಾಮಿ, ಹಾಳೆಯದ್ದಲ್ಲ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು, ಬರೆದಿಟ್ಟರೆ ಹೆಣ. ಈ ಮಾತನ್ನು ಹೇಳುವವರಿಗೆ ನಾನು ಕೈವಾರವನ್ನೇ ತೋರಿಸುತ್ತೇನೆ. ಬಳೆ ಮಾರುತ್ತಿದ್ದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಈ ಸೀಮೆಯಲ್ಲಿ ಎರಡೂ ಮನೆಮಾತು. ಆ ಪದಗಳು ಉಳಿದದ್ದು ಹೇಗೆ? ಬಾಯಿಯಿಂದ, ನಿಜ. ಆದರೆ ಸಾಹಿತ್ಯವನ್ನು ಬರೆದು, ಅಚ್ಚು ಹಾಕಿಸಿ ಕಾಪಾಡಿದವರೂ ಇದ್ದರು. ಪ್ರತಿಯೊಂದು ಪದದ ಕೊನೆಗೆ ಅಮರನಾರೇಯಣನ ಅಂಕಿತ ಇತ್ತು, ಅಂದರೆ ಹಾಡಿನೊಳಗೇ ಹೊಲಿದ ಹೆಸರು. ಮತ್ತು ಆಷಾಢ ಹುಣ್ಣಿಮೆಗೆ ಚಾಪೆ ಹಾಸಿ, ಕೂತು ಕೇಳಿ ಎಂದು ಕರೆಯುವ ಒಂದು ಜಾಗ ಇತ್ತು. ಬಾಯಿ, ಬರಹ, ಅಂಕಿತ, ಚಾಪೆ. ಕಿವಿಯ ಪರಂಪರೆ ಎಂದು ನಾವು ಹೆಮ್ಮೆಯಿಂದ ಕರೆಯುವುದು ಈ ನಾಲ್ಕರ ಮೇಲೆ ನಿಂತಿದೆ. ನಮ್ಮ ಟಿ.ವಿ. ಸಂಗೀತಕ್ಕೆ ಬಾಯಿ ಮಾತ್ರ ಇದೆ, ಅದೂ ಮಧ್ಯವಯಸ್ಸು ದಾಟಿದ ಬಾಯಿ.

ಇನ್ನೊಂದು ಮಾತು. ದೇವರನಾಮವನ್ನೇ ಕಛೇರಿಯ ಕೊನೆಗೆ ತುಕ್ಕಡವೆಂದು ತಳ್ಳಿದ ಸಂಪ್ರದಾಯ ನಮ್ಮದು. ತತ್ವಪದಕ್ಕೆ ಆ ಸಾಲಿನಲ್ಲೂ ಜಾಗ ಕಷ್ಟವಿತ್ತು. ಇವತ್ತು ಕೈವಾರದ ವೇದಿಕೆಯಲ್ಲಿ ವಿದ್ವಾಂಸರು ತಾತಯ್ಯನವರ ಪದವನ್ನು ರಾಗಕ್ಕೆ ಕೂರಿಸಿ, ಪಕ್ಕವಾದ್ಯ ಸಮೇತ ಹಾಡುತ್ತಾರೆ. ಪದ ಮೊದಲಿನಿಂದಲೂ ದೊಡ್ಡದೇ ಇತ್ತು, ಕೂತು ಕೇಳುವವರು ಆಮೇಲೆ ಬಂದರು. ಅಂದಮೇಲೆ ಆ ರಾತ್ರಿ, ಅದೇ ಚಪ್ಪರದಡಿ, ಇನ್ನೊಂದು ಸಂಗೀತವನ್ನು ಅದು ಹುಟ್ಟಿದ ಜಾಗದ ಕಾರಣಕ್ಕೆ ನಾವು ನಕ್ಕು ತಳ್ಳಿದ್ದು ಯಾವ ನ್ಯಾಯ?

'ವಾದ್ಯವೃಂದ ನಮ್ಮದಲ್ಲ, ಪಾಶ್ಚಾತ್ಯರದ್ದು' ಅನ್ನುವವರಿಗೆ ಉತ್ತರ ಮೈಸೂರಿನಲ್ಲಿದೆ. ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡೂ ಇತ್ತು, ಕರ್ನಾಟಕ ವಾದ್ಯವೃಂದವೂ ಇತ್ತು. ಅವುಗಳ ವಾರಸುದಾರರಾದ ಪೊಲೀಸ್ ಬ್ಯಾಂಡಿನವರು ಇಂದಿಗೂ ದಸರೆಯಲ್ಲಿ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎರಡನ್ನೂ ನುಡಿಸುತ್ತಾರೆ. ಶ್ರೀವಿದ್ಯೆಯ ಮೇಲೆ 94 ಕೃತಿ ರಚಿಸಿದ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಆಸರೆಯಾದವರು. ಅಲ್ಲಿ ಮೂಲೆಗುಂಪಾಗಿದ್ದ ಮೆಟ್ನರ್ ಎಂಬ ರಷ್ಯನ್ ಸಂಯೋಜಕನ ಕೃತಿಗಳು ಧ್ವನಿಮುದ್ರಣವಾಗಲಿ ಎಂದು ಹಣ ಕೊಟ್ಟವರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಲೋಕದಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಮೈಸೂರು ಮಹಾರಾಜರ ಹಣದ ಬೆಂಬಲದಿಂದ. ಹುಡುಗನ ಮೊಬೈಲಿನಲ್ಲಿ ಕಂಡ ಹಾಲ್ ಅದೇ! ಅಂದಿನ ಕಛೇರಿಗೆ ಮಹಾರಾಜರು ಹೋಗಲಾಗಲಿಲ್ಲ. ಮುದ್ರಿಸಿ ಮೈಸೂರಿಗೆ ಕಳಿಸುವ ಏರ್ಪಾಡಾಗಿತ್ತು. ಯಾರದೋ ಸಂಗೀತ ಕಳೆದುಹೋಗಬಾರದು ಎಂದು ಚಿಂತೆ ಮಾಡಿದ ನಾಡು ಇದು. ಸ್ವತಂತ್ರ ಭಾರತದಲ್ಲೂ ಆಕಾಶವಾಣಿ 1952ರಲ್ಲಿ ದಿಲ್ಲಿಯಲ್ಲಿ ವಾದ್ಯವೃಂದ ಕಟ್ಟಿತು, ರವಿಶಂಕರ್, ಟಿ. ಕೆ. ಜಯರಾಮ ಅಯ್ಯರ್ ಅದನ್ನು ನಡೆಸಿದರು.

ಕೇಳುವವರು ಬರುವುದಿಲ್ಲ ಎಂಬ ವಾದವನ್ನಂತೂ ಯಾರೂ ಎತ್ತಬೇಡಿ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ 'ಕನ್ನಡವೇ ಸತ್ಯ' ನಡೆಸಿದಾಗ ಸೇರಿದ ಜನಸಾಗರವನ್ನು ಕಂಡವರಿದ್ದಾರೆ. ಭಾವಗೀತೆಗೆ ಬಂದ ಜನ ಅದು, ಸಿನಿಮಾ ತಾರೆಗಲ್ಲ.

ಇಂದಿನ ಧಾರಾವಾಹಿಗಳ ಸಂಗೀತವನ್ನು ಇದೇ ಉಸಿರಿನಲ್ಲಿ ಹೊಗಳಲಾರೆ. ಅತ್ತೆ ತಿರುಗಿ ನೋಡಿದರೆ ಒಂದು ಗುಡುಗು. ಸೊಸೆ ನೋಡಿದರೆ ಇನ್ನೊಂದು. ನಾದಿನಿಯ ಮುಖ ಮೂರು ಸಲ ಹತ್ತಿರ ಬರುತ್ತದೆ, ಮೂರು ಸಲ 'ಧಡ್'. ಕಂಪ್ಯೂಟರಿನಲ್ಲಿ ತುಂಬಿಟ್ಟ ಸದ್ದುಗಳ ಗೋದಾಮಿನಿಂದ ಎಳೆದು ಅಂಟಿಸಿದ್ದು. ಶೀರ್ಷಿಕೆ ಗೀತೆಗಳು ಕುಗ್ಗುತ್ತಾ ಕುಗ್ಗುತ್ತಾ ಬಂದಿವೆ. ಉಳಿದದ್ದನ್ನು ಓಟಿಟಿಯಲ್ಲಿ 'ಸ್ಕಿಪ್' ಗುಂಡಿ ನುಂಗುತ್ತದೆ. ಕೊನೆಯ ಹೆಸರುಪಟ್ಟಿ ಮುಂದಿನ ಕಾರ್ಯಕ್ರಮದ ಜಾಹೀರಾತಿನ ಕೆಳಗೆ ಇರುವೆಸಾಲಿನಂತೆ ಓಡಿಹೋಗುತ್ತದೆ. ಕೀಬೋರ್ಡಿನ ಮುಂದೆ ಒಬ್ಬನೇ ಕೂತು ದಿನಕ್ಕೊಂದು ಕಂತು ಮುಗಿಸಬೇಕಾದ ಹುಡುಗನನ್ನು ನಾನು ಬೈಯುವುದಿಲ್ಲ; ಸಂಜೆಯೊಳಗೆ ಕೊಡು ಎಂದವನಿಗೆ ಅವನು ಇನ್ನೇನು ಕೊಟ್ಟಾನು? ಆದರೆ ಯಾರೂ ಮತ್ತೊಮ್ಮೆ ಕೇಳುವುದಿಲ್ಲ ಎಂದು ಗೊತ್ತಿರುವವನು ಮತ್ತೊಮ್ಮೆ ಕೇಳುವಂಥದ್ದನ್ನು ಏಕೆ ಬರೆದಾನು? ಇದು ಕೇಳುಗರಾದ ನಮ್ಮ ಮೇಲಿನ ಆರೋಪ. ಟಿ.ವಿ. ಸಂಗೀತ ಕೀಳು ಎಂದು ಮೊದಲೇ ತೀರ್ಪು ಕೊಟ್ಟೆವು, ಆ ತೀರ್ಪಿಗೆ ತಕ್ಕಂತೆ ಅದು ಕೀಳಾಯಿತು.

ಇಲ್ಲಿ ಒಂದು ಸಣ್ಣ ಹೊಟ್ಟೆಕಿಚ್ಚು. 2003ರಲ್ಲಿ ಅಮೆರಿಕದಲ್ಲಿ ಮತ್ತೆ ಶುರುವಾದ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಎಂಬ ಅಂತರಿಕ್ಷದ ಧಾರಾವಾಹಿಗೆ ರಿಚರ್ಡ್ ಗಿಬ್ಸ್ ಮಾಡಿದ ಶೀರ್ಷಿಕೆ ಸಂಗೀತದಲ್ಲಿ ಹೆಣ್ಣುದನಿಯೊಂದು ಹಾಡುವುದು ಗಾಯತ್ರಿ ಮಂತ್ರವನ್ನು. ಅದರ ಮುಂದಿನ ಕಂತುಗಳಿಗೆ ಸಂಗೀತ ಕೊಟ್ಟ ಬೇರ್ ಮೆಕ್‌ಕ್ರಿಯರಿ ಜಪಾನಿನ ಟೈಕೋ ಡೋಲು, ಆರ್ಮೇನಿಯಾದ ದುಡುಕ್ ಎಲ್ಲವನ್ನೂ ಸೇರಿಸಿ ಮೇಳ ಕಟ್ಟಿ, ವೇದಿಕೆ ಹತ್ತಿ ಕಛೇರಿಗಳನ್ನೇ ಮಾಡಿದ. ಲೋಕದ ವಾದ್ಯಗಳನ್ನೆಲ್ಲ ಆಕಾಶಕ್ಕೆ ಹಾರಿಸಿದರು. ನಮ್ಮ ಮುಖವೀಣೆ, ನಮ್ಮ ದೊಡ್ಡ ತಮಟೆ ಕಟ್ಟುವ ಕೈಗಳು ಚಿಂತಾಮಣಿ ಸಂತೆಯಲ್ಲಿ ಟೊಮೆಟೊ ಕ್ರೇಟು ಎತ್ತುತ್ತಿವೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವ ವಿದ್ಯಾರ್ಥಿಗಳಿಗೆ ನನ್ನಲ್ಲಿ ದೊಡ್ಡ ಯೋಜನೆ ಇಲ್ಲ. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದಲ್ಲಿ ಓದುವವರು ಒಂದು ವರ್ಷದ ಪ್ರಬಂಧಕ್ಕೆ ಹತ್ತು ಶೀರ್ಷಿಕೆ ಗೀತೆಗಳನ್ನು ಸ್ವರಲಿಪಿಗೆ ಇಳಿಸಲಿ. ನುಡಿಸಿದವರು ಇನ್ನೂ ಬದುಕಿದ್ದಾರೆ. ಹೋಗಿ ಕೇಳಿ ಹೆಸರು ಬರೆದುಕೊಳ್ಳಲಿ. ಅದಕ್ಕೆ ಬೇಕಾದ್ದು ಒಂದು ಬಸ್ ಪಾಸು, ಒಂದು ನೋಟ್‌ಬುಕ್ಕು. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಹಕ್ಕನ್ನು ಸುಲಭವಾಗಿ ಬರೆಸಿಕೊಳ್ಳಲು ಬರುವುದಿಲ್ಲ. ಆದರೆ ಯಾರು ಎಂದೇ ಗೊತ್ತಿಲ್ಲದವರಿಗೆ ಯಾವ ಹಕ್ಕು? ದಸರೆಯ ಪೊಲೀಸ್ ಬ್ಯಾಂಡಿಗೆ ಹಾಳೆ ಓದಲು ಬರುತ್ತದೆ. ಒಂದು ವರ್ಷ ಅವರ ಮುಂದೆ ವೈದ್ಯನಾಥನ್ ಅವರ ಹಾಳೆ ಇಟ್ಟು ನೋಡಿ, ಅರಮನೆಯ ಮುಂದೆ ಕೂತ ಸಾವಿರಾರು ಬಾಯಿ ಏನು ಮಾಡುತ್ತದೆ ಎಂದು.

ಆ ರಾತ್ರಿ ನಕ್ಕು ಮುಗಿದ ಮೇಲೆ ಹುಡುಗ ಸುಮ್ಮನಾಗಲಿಲ್ಲ. ಮಾಲ್ಗುಡಿಯ ಸಂಗೀತ ಹುಡುಕಿ, ದನಿ ತಗ್ಗಿಸಿ ಹಾಕಿದ. ಹಿರಿಯರ ಬಲಗೈ ತೊಡೆಯ ಮೇಲೆ ತಾನಾಗಿ ತಾಳ ಹಿಡಿಯಿತು.

"ಇದು ಗೊತ್ತಪ್ಪ. ಯಾರದು?"

ಹುಡುಗ ಮೊಬೈಲು ನೋಡಿ ವೈದ್ಯನಾಥನ್ ಅಂದ.

"ನುಡ್ಸಿರೋರು?"

ಅವನು ಸ್ವಲ್ಪ ಹೊತ್ತು ಹುಡುಕಿದ. ಅಷ್ಟರಲ್ಲಿ ವೇದಿಕೆಯ ಮೇಲೆ ಮುಂದಿನ ಮಂಡಳಿಯವರು ಶ್ರುತಿ ಹಿಡಿದರು. ಹಿರಿಯರು ಎದ್ದು, ಪಂಚೆ ಕೊಡವಿಕೊಂಡು, ತಮ್ಮ ಹಾರ್ಮೋನಿಯಂ ಪೆಟ್ಟಿಗೆ ಇಟ್ಟಿದ್ದ ಕಡೆ ನಡೆದರು.